ಕೈಗವಸಿನ ಬಾಲ

ನಮ್ಮ ಕೈಗವಸಿಗೆ ಬಾಲ ಇದೆ ಎಂದು ಮೊದಲು ಹೇಳಿದವರು ಬಾಗವಾನ್ ಸರ್. ಹೊಗಳಿ ಹೇಳಿದ್ದಲ್ಲ, ಬೈದು ಹೇಳಿದ್ದು.

ಬಾಲದ ಕತೆಗೆ ಬರುವ ಮೊದಲು ಕೈಗವಸಿನ ಕತೆ ಹೇಳಬೇಕು. ಕಲ್ಲು ಕೊರೆಯುವ ಡ್ರಿಲ್ ಮಷಿನ್ ನೀವೂ ನೋಡಿರುತ್ತೀರಿ. ಊರೊಳಗೆ ರಸ್ತೆ ಅಗೆಯುವಾಗ ಕಿವಿ ಮುಚ್ಚಿಕೊಂಡು ದಾಟಿ ಹೋಗಿರುತ್ತೀರಿ. ಕಿವಿಯ ಮಾತು ಬಿಡಿ, ಆ ಮಷಿನ್ ಹಿಡಿದವನ ಕೈ ಏನಾಗುತ್ತಿರಬಹುದು ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಇಲ್ಲ. ನಾನೂ ಯೋಚಿಸಿರಲಿಲ್ಲ, ಈ ಕೆಲಸಕ್ಕೆ ಸೇರುವವರೆಗೆ. ಆ ನಡುಕ ಬೆರಳೊಳಗಿನ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಸದ್ದಿಲ್ಲದೆ ತಿನ್ನುತ್ತ ಹೋಗುತ್ತದೆ. ಮೊದಲು ಜೋಮು ಹಿಡಿಯುತ್ತದೆ. ಆಮೇಲೆ ಚಳಿಗಾಲದ ಬೆಳಿಗ್ಗೆ ಬೆರಳ ತುದಿ ರಕ್ತವಿಲ್ಲದೆ ಬೆಳ್ಳಗಾಗುತ್ತದೆ. ಕೊನೆಗೊಂದು ದಿನ ಅಂಗಿಯ ಗುಂಡಿ ಬೆರಳಿಗೆ ಸಿಗುವುದಿಲ್ಲ. ನಮ್ಮ ಕಲ್ಲು ಖಣಿಯ ಮಂದಿ ಇದನ್ನು ಸುಣ್ಣದ ಬೆರಳು ಎನ್ನುತ್ತಾರೆ. ಹೋದ ಸ್ಪರ್ಶ ವಾಪಸ್ ಬರುವುದು ಬಹಳ ಕಷ್ಟ, ಆದ್ದರಿಂದ ಹೋಗದಂತೆ ನೋಡಿಕೊಳ್ಳುವುದೊಂದೇ ದಾರಿ.

ಆ ದಾರಿಯೇ ಕೈಗವಸು. ಅಂಗೈ ಕಡೆ ನಡುಕವನ್ನು ಗುರುತಿಸುವ ಸಣ್ಣ ಸಣ್ಣ ಕಣಗಳು, ಮಣಿಕಟ್ಟಿನ ಸುತ್ತ ತೊಗರಿ ಬೇಳೆಯಷ್ಟು ದೊಡ್ಡ ಮೋಟಾರುಗಳು. ಮಷಿನ್ ಕೈಯನ್ನು ಆಚೆ ತಳ್ಳಿದರೆ ಕೈಗವಸು ಈಚೆ ತಳ್ಳುತ್ತದೆ, ಮಷಿನ್ ಈಚೆ ತಳ್ಳಿದರೆ ಇದು ಆಚೆ. ಎರಡೂ ಒಂದನ್ನೊಂದು ಹೊಡೆದುಹಾಕಿ ಕೈಗೆ ಮುಟ್ಟುವ ನಡುಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಉಳಿದದ್ದನ್ನು ಕೈಗವಸು ಎಣಿಸುತ್ತದೆ. ಒಂದು ಕೈ ಒಂದು ದಿನ ತಡೆಯುವಷ್ಟು ನಡುಕ ತುಂಬಿದ ಕೂಡಲೇ ಮಷಿನ್ ತಾನಾಗಿ ಬಂದ್ ಆಗುತ್ತದೆ. ಮೊದಮೊದಲು ಖಣಿಯವರು ಬಾಯಿಗೆ ಬಂದಂತೆ ಬೈದರು. "ಹೇಣ್ತಿಗಿಂತ ಹೆಚ್ಚು ಕಾಯ್ತೈತಿ ನೋಡ್ರಿ ಇದು" ಎಂದರು. ಆಮೇಲೆ ರೂಢಿಯಾಯಿತು. ಕೈಗವಸಿನೊಳಗೆ ಬೆಚ್ಚಗೆ ಮಾಡುವ ತಂತಿಯೂ ಇತ್ತಲ್ಲ, ಚಳಿಗೆ ಬೆರಳು ಬಿಳಿಚಬಾರದೆಂದು. ಅದು ಅವರಿಗೆ ಬಹಳ ಹಿಡಿಸಿತು. ಮನೆಗೂ ಹಾಕಿಕೊಂಡು ಹೋಗತೊಡಗಿದರು. ನಾವೂ ಹೂಂ ಎಂದೆವು.

ಬಾಲ ಎಂದರೆ ಇಷ್ಟೇ. ಕೈಗವಸಿಗೆ ನಡುಕ ಅರ್ಥವಾಗಲು ಒಂದು ಕ್ಷಣ ಬೇಕು. ಮಷಿನ್ ಒಂದೇ ಸಮನೆ ನಡುಗುತ್ತಿದ್ದರೆ ಆ ಕ್ಷಣ ಲೆಕ್ಕಕ್ಕಿಲ್ಲ. ಆದರೆ ಒಂದೇ ಒಂದು ಪೆಟ್ಟು ಬಿತ್ತೆನ್ನಿ, ಪೆಟ್ಟು ಬಿದ್ದು ಹೋದ ಮೇಲೆ ಕೈಗವಸು ಎಚ್ಚರಾಗಿ ತಳ್ಳುತ್ತದೆ. ಹೊಡೆದುಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಆ ತಳ್ಳುವಿಕೆಯೇ ಇನ್ನೊಂದು ಪೆಟ್ಟಾಗಿ ಮಣಿಕಟ್ಟಿಗೆ ಬೀಳುತ್ತದೆ. ಮಷಿನ್ ಶುರುವಾಗುವಾಗ, ನಿಲ್ಲುವಾಗ, ಕೊರೆಯುವ ಸಲಾಕೆ ಸಿಕ್ಕಿಕೊಂಡಾಗ ಈ ಬಾಲದ ಏಟು ತಿಂದು ಕೆಲವರ ಮಣಿಕಟ್ಟು ಬಾತುಕೊಂಡಿತ್ತು. ಅದಕ್ಕೇ ಬಾಗವಾನ್ ಸರ್ ಬೈದದ್ದು.

ನಾನು ರೋಹಿಣಿ ಕಟಗೇರಿ. ಹುಬ್ಬಳ್ಳಿಯ ಕಂಪನ ರಕ್ಷಣಾ ಕೇಂದ್ರದಲ್ಲಿ ಎಂಜಿನಿಯರ್. ಬಾಗವಾನ್ ಸರ್ ನನ್ನ ಮೇಲಿನವರು, ಮಾತು ಕಡಿಮೆ, ಚಹಾ ಹೆಚ್ಚು. ನಮ್ಮ ಕೋಣೆಯ ಗೋಡೆಯ ತುಂಬ ಪರದೆ. ಇಳಕಲ್ಲಿನ ಸುತ್ತಲಿನ ಗ್ರಾನೈಟ್ ಖಣಿಗಳಲ್ಲಿರುವ ಪ್ರತಿ ಕೈಗವಸೂ ಅಲ್ಲಿ ಒಂದು ಬಿಂದು. ಬೆಳಿಗ್ಗೆ ಹಸಿರು, ಮಧ್ಯಾಹ್ನಕ್ಕೆ ಹಳದಿ, ಕೆಂಪಾದರೆ ಮಷಿನ್ ಬಂದ್. ಸಂಜೆ ಖಣಿ ಮುಚ್ಚಿದ ಮೇಲೆ ಬಿಂದುಗಳೆಲ್ಲ ಮಲಗಿದ ಕೋಳಿಗಳ ಹಾಗೆ ಸುಮ್ಮನಾಗುತ್ತವೆ.

ಒಂದು ಬಿಂದು ಮಾತ್ರ ಸಂಜೆಯೇ ಏಳುತ್ತಿತ್ತು. ಹುಲಿಗೆಪ್ಪನದು.

ಹುಲಿಗೆಪ್ಪ ಹಳೆಯ ಡ್ರಿಲ್ಲಿನವನು. ಕೈಗವಸು ಬರುವ ಮೊದಲೇ ಹತ್ತಾರು ವರ್ಷ ಬರಿಗೈಯಲ್ಲಿ ಮಷಿನ್ ಹಿಡಿದವನು. ಅವನ ಬಿಂದುವಿನ ಗೆರೆಯನ್ನು ಹಿಗ್ಗಿಸಿ ನೋಡಿದೆ. ಮಷಿನ್ನಿನ ಹಾಗೆ ಒಂದೇ ಸಮನೆ ಇರಲಿಲ್ಲ. ಟಕ್ ಟಕ್, ಬಿಡುವು. ಟಕ್, ಬಿಡುವು, ಟಕ್ ಟಕ್ ಟಕ್. ಉಳಿ ಸುತ್ತಿಗೆಯ ಕೆಲಸದ ಹಾಗೆ.

"ಅಲ್ರೀ ರೋಹಿಣಿ, ನಿಮ್ಮ ಹುಲಿಗೆಪ್ಪ ಸಂಜಿ ಮುಂದ ಯಾರದೋ ಪಾಯಾ ಒಡ್ಯಾಕ ಹೊಂಟಾನ" ಎಂದರು ಬಾಗವಾನ್ ಸರ್. "ಹಗಲೆಲ್ಲ ನಾವು ಅವನ ಕೈ ಉಳಸೂದು, ಸಂಜಿಗೆ ಅಂವ ಅದನ್ನ ಹಾಳ ಮಾಡೂದು. ಹೋಗಿ ಬರ್ರಿ. ಜೋರ ಮಾಡಿ ಬರ್ರಿ."

ಜೋರು ಮಾಡುವುದೆಂದರೆ ನನಗೆ ಹೇಳಿಕೊಡಬೇಕೆ? ಗದಗ, ರೋಣ, ಗಜೇಂದ್ರಗಡ ದಾಟುವವರೆಗೂ ಜೀಪಿನಲ್ಲಿ ಅವನಿಗೆ ಏನೇನು ಬೈಯಬೇಕೋ ಎಲ್ಲ ಜೋಡಿಸಿಕೊಂಡೇ ಹೋದೆ.

ಖಣಿಯ ಹತ್ತಿರದ ಊರು, ತಗಡಿನ ಮನೆ. ಒಳಗಿನಿಂದ ಟಪಟಪ ಸದ್ದು ಬರುತ್ತಿತ್ತು. ಅವನ ಹೆಂಡತಿ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಒಂದು ಗಳಿಗೆ, ಅಯ್ಯೋ, ಕೈಗವಸನ್ನು ರೊಟ್ಟಿಯ ಕಲ್ಲಿನ ಪಕ್ಕ ಇಟ್ಟಿರುತ್ತಾನೇನೋ, ನಾನು ಇಷ್ಟು ದೂರ ರೊಟ್ಟಿಯ ಸದ್ದು ಹುಡುಕಿಕೊಂಡು ಬಂದೆನೇನೋ ಎಂದು ನಗು ಬಂತು. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹುಲಿಗೆಪ್ಪ ಕಂಡ. ಬಲಗೈಗೆ ಕೈಗವಸು ಹಾಕಿಕೊಂಡು ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟಿದ್ದ. ಎದುರಿಗೆ ಕಾಲು ಮಡಚಿ ಕೂತಿದ್ದ ಹುಡುಗಿ ಆ ಅಂಗೈಯನ್ನು ಎರಡೂ ಕೈಗಳ ಬೆರಳಿನಿಂದ ಭರಭರ ತಟ್ಟುತ್ತಿದ್ದಳು. ಅವನು ಕಣ್ಣು ಮುಚ್ಚಿ ನಗುತ್ತಿದ್ದ.

"ಏನ್ ಹುಲಿಗೆಪ್ಪ, ಇದು ಆಟದ ಸಾಮಾನೇನು?" ಎಂದು ಶುರು ಮಾಡಿದೆ.

ಅವನು ಕಣ್ಣು ತೆರೆದು ನನ್ನನ್ನು ನೋಡಿ ಎಡಗೈ ಎತ್ತಿದ. "ಅಕ್ಕಾರ, ಒಂದೀಟು ತಡೀರಿ. ಕತಿ ನಡಬರಕ ಐತಿ."

ನಾನು ತಡೆದೆ. ಯಾಕೆ ತಡೆದೆನೋ, ನನ್ನ ಸ್ವಭಾವವಲ್ಲ. ಹುಡುಗಿ ಕೊನೆಗೊಮ್ಮೆ ಜೋರಾಗಿ ತಟ್ಟಿ, ಅಪ್ಪನ ಮುಖವನ್ನು ಎರಡೂ ಕೈಯಿಂದ ಮುಟ್ಟಿ, ಅವನು ನಗುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡಳು. ಆಗ ನನಗೆ ತಿಳಿಯಿತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಕೂಗಾಡಿದ್ದೂ ಕೇಳಿಸಿರಲಿಲ್ಲ.

ಹೆಸರು ಪಲ್ಲವಿ. ನಾಲ್ಕು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಕಣ್ಣು ಕಿವಿ ಎರಡನ್ನೂ ಒಯ್ದಿತಂತೆ. ಆಗಷ್ಟೇ ಮಾತು ಕಲಿತಿದ್ದ ಮಗು, ದಿನವಿಡೀ ಅಳುತ್ತಿತ್ತಂತೆ. ಹುಲಿಗೆಪ್ಪನಿಗೆ ಬೇರೇನೂ ತೋಚದೆ, ತನಗೆ ಗೊತ್ತಿದ್ದ ಮಾತನ್ನು ಅವಳ ಅಂಗೈಗೆ ಹೇಳಿಕೊಟ್ಟ. ಖಣಿಯ ಗದ್ದಲದಲ್ಲಿ ಬಾಯಿಮಾತು ನಡೆಯುವುದಿಲ್ಲ ನೋಡಿ, ಅಲ್ಲಿ ಮಂದಿ ಒಬ್ಬರ ಬೆನ್ನ ಮೇಲೆ ಒಬ್ಬರು ತಟ್ಟಿ ಮಾತಾಡುತ್ತಾರೆ. ಹೀಗೆ ತಟ್ಟಿದರೆ ಸಲಾಕೆ ಎತ್ತು, ಹಾಗೆ ತಟ್ಟಿದರೆ ಎಣ್ಣೆ ಹಾಕು, ಅಂಗೈ ಇಟ್ಟು ಒತ್ತಿದರೆ ಮಷಿನ್ ಬಂದ್. ಅಪ್ಪ ಮಗಳ ನಡುವೆ ಸಲಾಕೆ ಎತ್ತು ಎಂದರೆ ಎದ್ದೇಳು. ಎಣ್ಣೆ ಹಾಕು ಎಂದರೆ ಹಸಿವಾಗಿದೆ. ಮಷಿನ್ ಬಂದ್ ಎಂದರೆ ಕೆಲಸ ಮುಗೀತು, ನಾನು ಮನೆಗೆ ಬಂದೆ. ಬೆಳಿಗ್ಗೆ ಎಷ್ಟು ಎಳೆದರೂ ಶುರುವಾಗದ ಮಷಿನ್ನಿಗೆ ಖಣಿಯಲ್ಲಿ ಕತ್ತೆ ಎನ್ನುತ್ತಾರಂತೆ, ಅದಕ್ಕೂ ಒಂದು ತಟ್ಟು ಇತ್ತು. ಹೇಳಿದ ಮಾತು ಕೇಳದವರಿಗೆಲ್ಲ ಪಲ್ಲವಿ ಅದನ್ನು ಉಪಯೋಗಿಸುತ್ತಿದ್ದಳು, ಮನೆಯ ಆಡಿಗೂ ಸೇರಿಸಿ. ಹೀಗೆ ವರ್ಷದಿಂದ ವರ್ಷಕ್ಕೆ ಮಾತು ಬೆಳೆದು, ಈಗ ಅವಳು ಕತೆ ಕಟ್ಟಿ ಹೇಳುವಷ್ಟಾಗಿತ್ತು.

"ನನಗ ಊಟದ ಮಾತು, ಬೈಗಳ ಮಾತು ಬರ್ತಾವ್ರಿ" ಎಂದಳು ದ್ಯಾಮವ್ವ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು. "ಕತಿ ಮಾತು ಬರಂಗಿಲ್ಲ. ಅದೆಲ್ಲ ಅಪ್ಪಾ ಮಗಳದ."

"ಅದಿರ್ಲಿ, ಕೈಗವಸು ಯಾಕ ಹಾಕ್ಕೊಂಡಿ? ತಗದ್ರ ಇನ್ನೂ ಚಲೋ ತಿಳಿಯೂದಿಲ್ಲೇನು?" ಎಂದೆ.

ಹುಲಿಗೆಪ್ಪ ಎಡಗೈಯ ಬೆರಳುಗಳನ್ನು ನನ್ನ ಮುಂದೆ ಹಿಡಿದ. ತುದಿಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. "ಸುಣ್ಣದ ಬೆರಳರಿ ಅಕ್ಕಾರ. ಹೋದ ಚಳಿಗಾಲದಿಂದ ಅಂಗೈಯಾಗೂ ಜೋಮ ಹಿಡದೈತಿ. ಅಕಿ ತಟ್ಟಿದ್ರ ಏನೂ ಗೊತ್ತಾಗಂಗಿಲ್ಲ. ನಾ ಹೇಳೂದು ಅಕಿಗಿ ತಿಳೀತೈತಿ, ಅಕಿ ಹೇಳೂದು ನನಗ ತಿಳಿಯಂಗಿಲ್ಲ. ಭಾಳ ಅತ್ತೇನ್ರಿ ಆವಾಗ. ಆಮ್ಯಾಲ ಒಂದಿನ ಕೈ ಬೆಚ್ಚಗಿರ್ಲಿ ಅಂತ ಇದನ್ನ ಹಾಕ್ಕೊಂಡು ಕುಂತಿದ್ನಿ. ಅಕಿ ಬಂದು ತಟ್ಟಿದ್ಲು. ಮಣಿಕಟ್ಟಿನಾಗ ಕೇಳಿಸ್ತು!"

ಕೇಳಿಸ್ತು ಎಂದೇ ಹೇಳಿದ. ನಾನು ಕೈಗವಸು ಇಸಿದುಕೊಂಡು ಹಾಕಿಕೊಂಡು ಪಲ್ಲವಿಯ ಮುಂದೆ ಹಿಡಿದೆ. ಅವಳು ನನ್ನ ತೋಳನ್ನು ಮೊಣಕೈವರೆಗೂ ತಡವಿ, ಬಳೆ ಸಿಕ್ಕಿದ್ದಕ್ಕೆ ಹುಬ್ಬು ಏರಿಸಿ, ಅಂಗೈಗೆ ಏನೋ ತಟ್ಟಿದಳು. ಒಂದು ಕ್ಷಣ ಬಿಟ್ಟು ಅದೇ ತಾಳ ನನ್ನ ಮಣಿಕಟ್ಟಿನ ಸುತ್ತ ಸ್ಪಷ್ಟವಾಗಿ ಬಂತು. ಬಾಲ! ನಾವೆಲ್ಲ ಶಾಪ ಹಾಕುತ್ತಿದ್ದ ಬಾಲ. ಬೆರಳು, ಅಂಗೈ ಸತ್ತಿದ್ದರೂ ಮಣಿಕಟ್ಟಿನ ಮೇಲ್ಭಾಗದ ನರ ಅವನಲ್ಲಿ ಇನ್ನೂ ಬದುಕಿತ್ತು. ಮಗಳ ಮಾತು ಆ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು.

"ಏನಂದ್ಲು?" ಎಂದೆ.

"ಎಣ್ಣಿ ಹಾಕಬೇಕೇನು ಅಂತ ಕೇಳಾಕತ್ತಾಳ್ರಿ. ನಿಮಗ ಹಸಿವಿ ಆಗೇತೇನು ಅಂತ."

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಬೈಯಬೇಕೆಂದು ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಕೂತು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ತಿನ್ನುತ್ತ ತಿನ್ನುತ್ತ ನೆನಪಾಗಿ ರೊಟ್ಟಿ ಕೆಳಗಿಟ್ಟೆ. ಮುಂದಿನ ವಾರ ಎಲ್ಲ ಕೈಗವಸುಗಳಿಗೂ ಹೊಸ ಸಾಫ್ಟ್‌ವೇರ್ ಹಾಕುವುದಿತ್ತು. ಬಾಲ ಕತ್ತರಿಸುವ ಸಾಫ್ಟ್‌ವೇರ್. ನಾನೇ ಬರೆದದ್ದು.

ಮುಚ್ಚಿಟ್ಟು ಬರುವುದು ಸರಿಯಲ್ಲ ಎನಿಸಿತು. ಕಟ್ಟೆಯ ಮೇಲೇ ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಹೊಸದು ಹಾಕಿದರೆ ಮಣಿಕಟ್ಟಿನ ಮಾತು ನಿಲ್ಲುತ್ತದೆ. ಹಾಕದಿದ್ದರೆ ಆ ಕೈಗವಸಿಗೆ ಮಷಿನ್ ಶುರುವಾಗುವುದಿಲ್ಲ, ನಿಯಮ ಹಾಗಿದೆ.

ಅವನು ಕೈಗವಸನ್ನು ತಿರುಗಿಸಿ ತಿರುಗಿಸಿ ನೋಡಿದ. ಪಲ್ಲವಿ ಅವನ ಅಂಗಿಯ ತುದಿ ಹಿಡಿದು ಎಳೆಯುತ್ತಿದ್ದಳು.

"ಮಷಿನ್ ಬಿಟ್ರ ನಾ ಏನ್ ಮಾಡ್ಲಿ ಅಕ್ಕಾರ?" ಎಂದ ಕೊನೆಗೆ. "ಈ ಊರಾಗ ನನ್ನ ಹುಲಿಗೆಪ್ಪ ಅಂತ ಯಾರೂ ಅನ್ನಂಗಿಲ್ಲ. ಡ್ರಿಲ್ ಹುಲಿಗೆಪ್ಪ ಅಂತಾರ. ನಾ ಕೊರದ ತೂತು ಡೊಂಕಾಗಿದ್ದನ್ನ ಯಾರೂ ನೋಡಿಲ್ಲ. ಹಾಕ್ರಿ ಹೊಸಾದು. ನನ್ನ ಮಗಳು, ಅಕಿ ಮಾರಿ ನೋಡಿದ್ರ ನನಗ ಮಾತು ತಿಳೀತೈತಿ."

ದ್ಯಾಮವ್ವ ಅವನ ಮುಖ ನೋಡಿ ಒಳಗೆ ಹೋಗಿಬಿಟ್ಟಳು.

ಹುಬ್ಬಳ್ಳಿಗೆ ಬಂದವಳೇ ಬಾಗವಾನ್ ಸರ್ ಜೊತೆ ಜಗಳಕ್ಕೆ ಬಿದ್ದೆ. ಸ್ವಲ್ಪ ದಿನ ಬಾಲ ಇರಲಿ, ಏನಾಗುತ್ತದೆ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಏನಾಗ್ತದ? ಇನ್ನೊಂದಿಷ್ಟು ಮಂದಿ ಮಣಿಕಟ್ಟು ಬಾತುಕೋತದ. ಅವರ ಮನ್ಯಾಗೂ ಮಕ್ಕಳದಾರ ರೋಹಿಣಿ. ಮಕ್ಕಳನ್ನ ಎತ್ತಿಕೊಳ್ಳಾಕ ಅವರಿಗೂ ಕೈ ಬೇಕು."

"ಅವನೊಬ್ಬಂದು ಬಿಡ್ರಿ ಸರ್."

"ಅವನೊಬ್ಬಂದು ಬಿಟ್ರ ಅವನ ಮಣಿಕಟ್ಟಿಗೇ ಮಷಿನ್ನಿನ ಏಟು ಬೀಳ್ತದ. ಅವನ ಮೈಯಾಗ ಉಳಿದದ್ದು ಅದೊಂದೇ ಜಾಗ. ಅದನ್ನೂ ಕಳೀತೀರೇನು?"

ಅವರು ಹೇಳಿದ್ದು ಸರಿಯಿತ್ತು. ಸರಿಯಿತ್ತೆಂದೇ ನನಗೆ ಇನ್ನಷ್ಟು ಸಿಟ್ಟು ಬಂತು. ಫೈಲು ಕುಕ್ಕಿ ಎದ್ದು ಬಂದೆ. ಹೊಸ ಸಾಫ್ಟ್‌ವೇರ್ ಹೇಳಿದ ದಿನವೇ ಹೋಯಿತು. ಖಣಿಗಳಿಂದ ಒಳ್ಳೆಯ ಸುದ್ದಿ ಬರತೊಡಗಿತು. ಮಷಿನ್ ಬೆಣ್ಣೆಯ ಹಾಗೆ ನಿಲ್ಲುತ್ತದೆ, ಕೈಗೆ ಏಟೇ ಗೊತ್ತಾಗುವುದಿಲ್ಲ ಎಂದರು. ಬಾತ ಮಣಿಕಟ್ಟುಗಳು ಇಳಿದವು. ಮೇಲಿನವರು ಫೋನ್ ಮಾಡಿ ನನ್ನನ್ನು ಹೊಗಳಿದರು. ಥ್ಯಾಂಕ್ಸ್ ಎಂದು ಇಟ್ಟುಬಿಟ್ಟೆ.

ಆದರೆ ನಾನು ಸಂಜೆ ಬೇಗ ಮನೆಗೆ ಹೋಗುವುದನ್ನು ಬಿಟ್ಟೆ. ಹುಲಿಗೆಪ್ಪನ ಬಿಂದು ನೋಡುತ್ತ ಕೂರುತ್ತಿದ್ದೆ. ಬಾಲ ಹೋಗಿತ್ತೇ ಹೊರತು ಅಂಗೈ ಕಡೆಯ ಕಣಗಳು ಕೆಲಸ ಮಾಡುತ್ತಲೇ ಇದ್ದವು. ಸಂಜೆಯಾದ ಕೂಡಲೇ ಗೆರೆ ಏಳುತ್ತಿತ್ತು. ಟಕ್ ಟಕ್, ಬಿಡುವು, ಟಕ್. ಪಲ್ಲವಿ ಅಪ್ಪನಿಗೆ ದಿನದ ಸುದ್ದಿ ಹೇಳುತ್ತಿದ್ದಳು. ಅವಳ ಮಾತು ಇಳಕಲ್ ಕಡೆಯಿಂದ ಹುಬ್ಬಳ್ಳಿಯ ಪರದೆಯವರೆಗೆ ಬರುತ್ತಿತ್ತು. ಒಂದು ಗೇಣು ದೂರದಲ್ಲಿ ಕೂತ ಅಪ್ಪನಿಗೆ ಮುಟ್ಟುತ್ತಿರಲಿಲ್ಲ. ನನಗೆ ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ. ಮನೆಯಲ್ಲಿ ನನ್ನ ಗಂಡ, "ಆಫೀಸಿನ್ಯಾಗ ಹಾಸಿಗಿ ಹಾಕ್ಕೋ ಇನ್ನ" ಎಂದು ಕಾಡಿಸಿದ. ಆಮೇಲೆ ಅವನೇ ಅನ್ನಕ್ಕಿಟ್ಟ.

ಒಂದು ಸಂಜೆ ಗೆರೆ ಏಳಲಿಲ್ಲ. ಮರುದಿನವೂ ಇಲ್ಲ. ಕೈಗವಸು ಕೆಟ್ಟಿರಬಹುದು ಎಂದುಕೊಂಡು ಪರೀಕ್ಷೆ ಮಾಡಿದೆ, ಕೆಟ್ಟಿರಲಿಲ್ಲ. ದ್ಯಾಮವ್ವನಿಗೆ ಫೋನ್ ಮಾಡಿದೆ.

"ಏನ್ ಹೇಳ್ಲಿ ಯಕ್ಕಾ" ಎಂದು ಅಳತೊಡಗಿದಳು. "ಅಕಿ ಏನ್ ಹೇಳಿದ್ರೂ ಇವ್ರು ಹೂಂ ಅಂತಿದ್ರು. ಅಕಿ ಮಾರಿ ನೋಡೂದು, ಅಂಗೈ ಮ್ಯಾಲ ಹೂಂ ಅಂತ ತಟ್ಟೂದು. ಅಕಿ ಶ್ಯಾಣ್ಯಾಕಿ ಅದಾಳ್ರಿ, ಸಂಶೆ ಬಂದೈತಿ. ಮೊನ್ನಿ ಸಂಜಿಗೆ ನಗನಗತಾ, ಅಪ್ಪಾ, ನೀ ಕತ್ತೆ ಅಂತ ತಟ್ಟಿದ್ಲು."

"ಆಮ್ಯಾಲ?"

"ಹೂಂ ಅಂದ್ರು ಯಕ್ಕಾ. ಅಕಿ ಇನ್ನೊಮ್ಮಿ ಅಂದ್ಲು. ಇವ್ರು ಇನ್ನೊಮ್ಮಿ ಹೂಂ ಅಂದ್ರು. ನಾ ಒಳಗಿಂದ ಓಡಿ ಬರೂದ್ರಾಗ ಅಕಿ ಮಾರಿ ಸಣ್ಣಾಗಿತ್ತು. ಎರಡೂ ಕೈ ಕಂಕುಳಾಗ ಇಟ್ಟುಕೊಂಡು ಕುಂತಾಳ. ಯಾರ ಕೂಡಾನೂ ಮಾತಿಲ್ಲ. ಉಣ್ಣಾಕಷ್ಟ ಕೈ ತಗೀತಾಳ. ನಾ ಹೇಳ್ತೀನಿ ಅಪ್ಪಗ, ನನ್ನ ಕೈಯಾಗ ಹೇಳು ಅಂದ್ರ ನನ್ನ ಕೈ ಝಾಡಿಸಿ ಒಗೀತಾಳ."

"ಹುಲಿಗೆಪ್ಪ?"

"ಖಣಿಗೆ ಹೋಗ್ತಾರ, ಬರ್ತಾರ. ನಿನ್ನಿ ಉಣ್ಣಾಕ ಕುಂತು ರೊಟ್ಟಿ ಹಂಗ ಬಿಟ್ಟು ಎದ್ರು."

ನಾನು ಬಾಗವಾನ್ ಸರ್ ಟೇಬಲ್ಲಿಗೆ ಹೋಗಿ ಎಲ್ಲ ಹೇಳಿದೆ. ಈ ಸಲ ಜಗಳ ಮಾಡುವಷ್ಟು ಕಸುವೂ ಇರಲಿಲ್ಲ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಮಷಿನ್ನಿಗೆ ಹಚ್ಚಲಾರದ ಕೈಗವಸು ಅಂತ ಒಂದು ಮಾಡ್ರಿ" ಎಂದರು. "ಬಾಲ ಇರ್ಲಿ, ಚಲೋ ಉದ್ದಾನ ಇರ್ಲಿ. ಆದ್ರ ಅದನ್ನ ಹಾಕ್ಕೊಂಡ್ರ ಯಾವ ಮಷಿನ್ನೂ ಶುರು ಆಗಬಾರದು. ಖಣಿಗೆ ಒಂದು, ಮನಿಗೆ ಒಂದು." ಆಮೇಲೆ ನಾನು ಕುಣಿಯುವ ಮೊದಲೇ ಬೆರಳೆತ್ತಿದರು. "ಅದಕ್ಕಿಂತ ಮೊದಲ ಅವನ್ನ ಇಲ್ಲಿ ಕರಸ್ರಿ. ಡಾಕ್ಟರು ಮಣಿಕಟ್ಟು ನೋಡ್ಲಿ."

ಮೂವರೂ ಬಂದರು. ಹುಲಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗುಂಡಿಗಳನ್ನು ದ್ಯಾಮವ್ವ ಹಾಕಿರಬೇಕು. ಪಲ್ಲವಿ ಅವ್ವನ ಸೆರಗಿಗೆ ಮೊಣಕೈ ತಾಗಿಸಿಕೊಂಡು ನಡೆದು ಬಂದಳು. ಕೈಗಳು ಕಂಕುಳಲ್ಲೇ ಇದ್ದವು. ಬೆಂಚಿನ ಮೇಲೆ ಕೂತಳು.

ಪರೀಕ್ಷೆ ಸುಲಭದ್ದು. ಸಣ್ಣ ಕಡ್ಡಿಯೊಂದನ್ನು ಮೆಲ್ಲಗೆ ನಡುಗಿಸುತ್ತ ಮೈಗೆ ಮುಟ್ಟಿಸುವುದು, ಗೊತ್ತಾದಾಗ ಹೇಳುವುದು. ಬೆರಳಿಗೆ ಮುಟ್ಟಿಸಿದಾಗ ಹುಲಿಗೆಪ್ಪ ಏನೂ ಹೇಳಲಿಲ್ಲ. ಅಂಗೈಗೂ ಇಲ್ಲ. ಮಣಿಕಟ್ಟಿಗೆ ಮುಟ್ಟಿಸಿದಾಗ ಬಹಳ ತಡವಾಗಿ, ನಡುಕ ಹೆಚ್ಚು ಮಾಡಿದ ಮೇಲೆ, "ಹಾಂ, ಈಗ" ಎಂದ. ಡಾಕ್ಟರ ಮುಖ ನೋಡಿಯೇ ನನಗೆ ಅರ್ಥವಾಯಿತು.

"ಮಣಿಕಟ್ಟೂ ಹೋಗಾಕತ್ತೈತಿ" ಎಂದರು ಅವರು, ಸಮಾಧಾನವಾಗಿ, ಆದರೆ ನೇರವಾಗಿ. "ಕೈಗವಸು ನಡುಕ ಕಡಿಮಿ ಮಾಡ್ತೈತಿ, ಪೂರ್ತಿ ನಿಲ್ಲಸಂಗಿಲ್ಲ. ಎಳೀ ಕೈಗೆ ಅಷ್ಟು ಸಾಕು. ನಿಮ್ಮ ಕೈ ಮೊದಲ ಭಾಳ ತಿಂದೈತಿ. ಮಷಿನ್ ಹಿಡಿಯೂದು ಬಿಟ್ರ ಈಗಿದ್ದಷ್ಟು ಉಳೀಬಹುದು. ಹಿಡದ್ರ ಮುಂದಿನ ಚಳಿಗಾಲಕ್ಕ ಇದೂ ಇರಂಗಿಲ್ಲ."

"ಮನಿಗೆ ಬ್ಯಾರೆ ಕೈಗವಸು ಕೊಡ್ತೀವಂದ್ರಲ್ರಿ ಅಕ್ಕಾರು?" ಎಂದ ಹುಲಿಗೆಪ್ಪ ನನ್ನ ಕಡೆ ತಿರುಗಿ.

"ಕೊಡ್ತೀವಿ" ಎಂದೆ. "ಆದ್ರ ಅದು ತಟ್ಟೂದು ಮಣಿಕಟ್ಟಿಗೆ. ಮಣಿಕಟ್ಟಿಗೇ ಗೊತ್ತಾಗದಿದ್ರ ಅದು ಬರೇ ಬೆಚ್ಚಗಿರೋ ಚೀಲ."

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಹೊರಗೆ ರಸ್ತೆ ರಿಪೇರಿ ನಡೆದಿತ್ತು, ಯಾರೋ ಡ್ರಿಲ್ ಹಿಡಿದಿದ್ದ. ಹುಲಿಗೆಪ್ಪ ನೋಡುತ್ತ ನಿಂತ. "ಎಷ್ಟು ಡೊಂಕ ಹಿಡದಾನ ನೋಡ್ರಿ" ಎಂದ. ಅವನ ಬೆನ್ನು ಅಲುಗುತ್ತಿತ್ತು. ಗಂಡಸು ಅಳುವಾಗ ನೋಡಬಾರದೆಂದು ನಾನೂ ಡಾಕ್ಟರೂ ಬೇರೆ ಕಡೆ ನೋಡಿದೆವು. ದ್ಯಾಮವ್ವ ಮಾತ್ರ ಎದ್ದು ಹೋಗಿ ಅವನ ಪಕ್ಕ ನಿಂತಳು.

ವಾಪಸ್ ಬಂದು ಖಣಿಯ ಕೈಗವಸುಗಳನ್ನು ಚೀಲದಿಂದ ತೆಗೆದು ನನ್ನ ಟೇಬಲ್ಲಿನ ಮೇಲೆ ಜೋಡಿಸಿ ಇಟ್ಟ. ಒಂದರ ಮೇಲಿನ ಧೂಳನ್ನು ಮೊಣಕೈಯಿಂದ ಒರೆಸಿದ.

"ಮಷಿನ್ ಹಿಡಿಯಾಕ ಮಂದಿ ಸಿಗ್ತಾರ್ರಿ. ಕಲ್ಲಿನ ಮ್ಯಾಲ ಸುಣ್ಣದ ಗೆರಿ ಹಾಕೂ ಕೆಲಸ ಐತಿ, ಎಲ್ಲಿ ಕೊರೀಬೇಕು ಅನ್ನಾಕ. ಮುದುಕರ ಕೆಲಸ ಅಂತಾರ, ನಗ್ತಾರ. ನಗ್ಲಿ ಬಿಡ್ರಿ. ನೀವು ಆ ಬಾಲದ್ದು ಕೊಡ್ರಿ."

ಬಾಲದ್ದು ಸಿದ್ಧವಾಗಿತ್ತು. ಬಾಗವಾನ್ ಸರ್ ಹಿಂದಿನ ದಿನವೆಲ್ಲ ನನ್ನ ಪಕ್ಕವೇ ಕೂತು ಮಾಡಿಸಿದ್ದರು. ಏಟು ಮೊದಲಿಗಿಂತ ನಿಧಾನ, ಸ್ಪಷ್ಟ. ಹುಲಿಗೆಪ್ಪನ ಬಲಗೈಗೆ ನಾನೇ ಹಾಕಿ ಪಟ್ಟಿ ಬಿಗಿದೆ. ಅವನು ಪಲ್ಲವಿಯ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತ. ಕೈಗವಸಿನ ಕೈಯನ್ನು ಅಂಗೈ ಮೇಲೆ ಮಾಡಿ ಅವಳ ತೊಡೆಯ ಮೇಲೆ ಇಟ್ಟ.

ಅವಳು ಕೈ ತೆಗೆಯಲಿಲ್ಲ. ಮುಖ ಆಚೆ ತಿರುಗಿಸಿದಳು.

ಅವನು ಎಡಗೈಯನ್ನು ಅವಳ ಮೊಣಕಾಲಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಒತ್ತಿದ. ಅದು ನನಗೂ ಗೊತ್ತಿತ್ತು. ಮಷಿನ್ ಬಂದ್. ಮತ್ತೊಮ್ಮೆ ಒತ್ತಿದ. ಮಷಿನ್ ಬಂದ್, ಮಷಿನ್ ಬಂದ್. ಒತ್ತುತ್ತಲೇ ಇದ್ದ. ಬಾಗವಾನ್ ಸರ್ ಬಾಗಿಲಲ್ಲಿ ಚಹಾದ ಲೋಟ ಹಿಡಿದು ಹಾಗೇ ನಿಂತಿದ್ದರು.

ಬಹಳ ಹೊತ್ತಾದ ಮೇಲೆ ಪಲ್ಲವಿ ಒಂದು ಕೈ ಹೊರಗೆ ತೆಗೆದಳು. ಕೈಗವಸನ್ನು ಮುಟ್ಟಿ ನೋಡಿದಳು. ಹೊಸದೆಂದು ಗೊತ್ತಾಗಿರಬೇಕು. ಒಂದು ಬೆರಳಿನಿಂದ, ಬೇಕೋ ಬೇಡವೋ ಎಂಬಂತೆ, ಸಣ್ಣದೊಂದು ಮಾತು ತಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

ನನ್ನ ಹಿಂದಿನ ಪರದೆಯ ಮೇಲೆ ಗೆರೆ ಎದ್ದು ಬಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹುಲಿಗೆಪ್ಪನ ಕಣ್ಣು ಅರಳಿದವು. ಅಳುತ್ತಿದ್ದ ಮುಖದಲ್ಲೇ ನಗು ಒಡೆಯಿತು. ಎಡಗೈಯಿಂದ ಅವಳ ಮೊಣಕಾಲಿಗೆ ಪಟಪಟನೆ ಏನೋ ತಟ್ಟಿದ.

"ಏನಂದ್ಲು? ಏನಂದ್ಲು?" ಎಂದು ನಾನು ದ್ಯಾಮವ್ವನ ತೋಳು ಹಿಡಿದೆ.

"ನೀ ಕತ್ತೆ ಅಂದ್ಲು" ಎಂದಳು ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಇವನೇನಂದ?"

"ಕತ್ತೆ ನಾನಲ್ಲ, ನಿಮ್ಮವ್ವ ಅಂದಾರ್ರಿ! ನೋಡ್ರಿ ಇವ್ರನ್ನ!"

ಪಲ್ಲವಿ ಬಾಯಿಬಿಟ್ಟು ನಕ್ಕಳು. ತಾನು ನಗುವ ಸದ್ದು ತನಗೆ ಕೇಳಿಸದಿದ್ದರೂ ಇಡೀ ಕೋಣೆಗೆ ಕೇಳುವಂತೆ ನಕ್ಕಳು. ಆಮೇಲೆ ಎರಡನೆಯ ಕೈಯನ್ನೂ ಹೊರಗೆ ತೆಗೆದು, ಅಪ್ಪನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಷ್ಟು ದಿನ ಹೇಳದೆ ಇಟ್ಟುಕೊಂಡಿದ್ದದ್ದನ್ನೆಲ್ಲ ತಟ್ಟತೊಡಗಿದಳು.